ಗೋಕರ್ಣಕ್ಕೆ ಒಬ್ಬಳೇ: ಬೆಳಕು ನೋಡಿ ಟಿಕೆಟ್ ತೆಗೆಯಿರಿ

ಶುಕ್ರವಾರ ಸಂಜೆ ಬೆಂಗಳೂರಿನ ಜ್ಞಾನಭಾರತಿ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮಲ್ಲತ್ತಹಳ್ಳಿಯ ಅರ್ಧ ಪಿ.ಜಿ. ಖಾಲಿಯಾಗುವುದು ಕಾಣುತ್ತದೆ. ವಿಶ್ವವಿದ್ಯಾಲಯದ ಹಾಸ್ಟೆಲ್ಲುಗಳಿಂದ, ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿಂದುಮುಂದಿನ ಗಲ್ಲಿಗಳಿಂದ, ಕಲಾಗ್ರಾಮದ ಆಸುಪಾಸಿನ ಬಾಡಿಗೆ ಮನೆಗಳಿಂದ ಹುಡುಗಿಯರು ಬೆನ್ನಿಗೆ ಬ್ಯಾಗು ಏರಿಸಿಕೊಂಡು ಬರುತ್ತಾರೆ. ಒಬ್ಬಳು ಶಿರಸಿಗೆ, ಒಬ್ಬಳು ಕುಮಟೆಗೆ, ಇನ್ನೊಬ್ಬಳು ಹಾಸನಕ್ಕೆ. ರಾತ್ರಿ ಪೂರಾ ಒಬ್ಬಳೇ ಪ್ರಯಾಣ. ಇದಕ್ಕೆ ಯಾರೂ ಏಕಾಂಗಿ ಪ್ರವಾಸ ಅನ್ನುವುದಿಲ್ಲ, ಊರಿಗೆ ಹೋಗುವುದು ಅನ್ನುತ್ತಾರೆ. ಮನೆಯವರೇ ಟಿಕೆಟ್ ಮಾಡಿಸಿ ಕಳಿಸಿರುತ್ತಾರೆ.

ಅದೇ ಹುಡುಗಿ ಅದೇ ಬಸ್ಸಿನಲ್ಲಿ ಕುಮಟೆಯ ಬದಲು ಗೋಕರ್ಣಕ್ಕೆ ಹೋಗಿ ಎರಡು ದಿನ ಸಮುದ್ರ ನೋಡಿಕೊಂಡು ಬರುತ್ತೇನೆ ಅಂದರೆ ಫೋನಿನ ಆ ತುದಿಯಲ್ಲಿ ದನಿ ಬದಲಾಗುತ್ತದೆ.

‘ಯಾರ ಜೊತೆ?’

‘ಯಾರೂ ಇಲ್ಲಮ್ಮ, ಒಬ್ಬಳೇ.’

‘ಒಬ್ಬಳೇನಾ? ಅಲ್ಲೇನಿದೆ ಅಂತ?’

ಎಷ್ಟೋ ಮನೆಗಳ ಪಡಸಾಲೆಯ ಗೋಡೆಯಲ್ಲಿ ಅಕ್ಕಮಹಾದೇವಿಯ ಪಟ ಇರುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದೇ ಹೋದವಳು ಆಕೆ. ಪಟಕ್ಕೆ ಹೂ ಏರಿಸಿದ ಕೈಯೇ ಮಗಳ ಟಿಕೆಟ್ ಕ್ಯಾನ್ಸಲ್ ಮಾಡಿಸುತ್ತದೆ.

ತಾಯಂದಿರ ಭಯವನ್ನು ತಮಾಷೆ ಮಾಡಲು ಇದನ್ನು ಬರೆಯುತ್ತಿಲ್ಲ. ಭಯಕ್ಕೆ ಕಾರಣಗಳಿವೆ. ಆದರೆ ಆ ಭಯ ತಪ್ಪು ಜಾಗದಲ್ಲಿ ಕೂತಿದೆ ಅನ್ನುವುದು ನನ್ನ ತಕರಾರು. ಹಗಲು ಹೊತ್ತಿನ ಬೀಚಿನಲ್ಲಿ, ಜನರ ನಡುವೆ, ಒಬ್ಬ ಹೆಣ್ಣುಮಗಳಿಗೆ ಆಗುವ ತೊಂದರೆ ಕಡಿಮೆ. ತೊಂದರೆ ಕಾದಿರುವುದು ಪ್ರಯಾಣದ ಸಂದುಗಳಲ್ಲಿ. ಬಸ್ಸು ಇಳಿಸಿ ಹೋದ ಮೇಲೆ ರೂಮು ಸೇರುವ ತನಕ, ಸೂರ್ಯ ಮುಳುಗಿದ ಮೇಲೆ ಗುಡ್ಡದ ಆ ಬದಿಯಿಂದ ಈ ಬದಿಗೆ ದಾಟುವ ತನಕ, ವಾಪಸ್ ಬಂದು ಗೊರಗುಂಟೆಪಾಳ್ಯದಲ್ಲಿ ಇಳಿದು ರಿಂಗ್ ರೋಡಿನಲ್ಲಿ ಆಟೊ ಹಿಡಿದು ಮನೆಯ ಗೇಟು ಮುಟ್ಟುವ ತನಕ. ಯೋಜನೆ ಬೇಕಾದ್ದು ಈ ಸಂದುಗಳಿಗೆ. ಈ ಹೊತ್ತುಗಳಲ್ಲಿ ಬೆಳಕು ಇರುವ ಹಾಗೆ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಮೊದಲು ಬಸ್ಸಿನ ಮಾತು. ಬೆಂಗಳೂರಿನಿಂದ ಹೊರಡುವ ಅನೇಕ ಖಾಸಗಿ ಸ್ಲೀಪರ್ ಬಸ್ಸುಗಳು ಕರಾವಳಿ ಮುಟ್ಟುವುದು ನಸುಕಿಗೂ ಮುಂಚೆ. ಕಾರವಾರದ ಕಡೆಗೋ ಗೋವಾಕ್ಕೋ ಹೋಗುವ ಬಸ್ಸಾದರೆ ಗೋಕರ್ಣದ ಪೇಟೆಯೊಳಗೆ ಬರದೆ, ರಾಷ್ಟ್ರೀಯ ಹೆದ್ದಾರಿ 66ರ ಮಾದನಗೇರಿ ಕ್ರಾಸಿನಲ್ಲಿ ಇಳಿಸಿ ಹೋಗುವುದುಂಟು. ಅಲ್ಲಿಂದ ಊರಿಗೆ ಇನ್ನೂ ಹತ್ತು ಕಿ.ಮೀ. ನಿದ್ದೆಗಣ್ಣಲ್ಲಿ ಇಳಿದು, ಒಂದೇ ಒಂದು ಆಟೊ ನಿಂತಿದ್ದರೆ, ಅವನು ಕೇಳಿದ್ದೇ ರೇಟು, ಅವನು ಹೋದದ್ದೇ ದಾರಿ. ಆಟೊದವನು ಒಳ್ಳೆಯವನೇ ಇರಬಹುದು, ಬಹುಪಾಲು ಒಳ್ಳೆಯವರೇ. ಆದರೆ ಬೇರೆ ದಾರಿಯೇ ಇಲ್ಲದ ಜಾಗದಲ್ಲಿ ಒಬ್ಬರ ಒಳ್ಳೆಯತನವನ್ನೇ ನಂಬಿ ಇಳಿಯುವುದು ಯೋಜನೆ ಅಲ್ಲ. ಟಿಕೆಟ್ ತೆಗೆಯುವಾಗ ‘ಡ್ರಾಪಿಂಗ್ ಪಾಯಿಂಟ್’ ಎಲ್ಲಿ, ಎಷ್ಟು ಗಂಟೆಗೆ ಎಂದು ನೋಡಿ. ಗೋಕರ್ಣ ಬಸ್ ನಿಲ್ದಾಣ ಅಂತಿದ್ದರೆ ಸರಿ. ‘ಬೈಪಾಸ್’, ‘ಕ್ರಾಸ್’ ಅಂತಿದ್ದರೆ ಬೇಡ. ಬೆಳಿಗ್ಗೆ ಆರೂವರೆಗಿಂತ ಮೊದಲು ಮುಟ್ಟುವ ಬಸ್ಸಿಗಿಂತ, ಒಂದು ಗಂಟೆ ತಡವಾಗಿ ಮುಟ್ಟುವ ಬಸ್ಸು ಮೇಲು.

ಈ ವಿಷಯದಲ್ಲಿ ರೈಲ್ವೆಯ ಕಾನೂನು ನಮ್ಮ ಬಸ್ಸಿನವರಿಗಿಂತ ಹೆಚ್ಚು ವಿವೇಕ ತೋರಿಸಿದೆ. 1989ರ ರೈಲ್ವೆ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ, ಜೊತೆಗೆ ಗಂಡಸರಿಲ್ಲದೆ ಹೊರಟ ಹೆಂಗಸು ಟಿಕೆಟ್ಟೇ ಇಲ್ಲದೆ ಸಿಕ್ಕಿಬಿದ್ದರೂ ಕಂಡಕಂಡಲ್ಲಿ ಇಳಿಸುವ ಹಾಗಿಲ್ಲ. ಆಕೆ ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ, ಅದೂ ಹಗಲಲ್ಲಿ ಮಾತ್ರ ಇಳಿಸಬಹುದು. ಟಿಕೆಟ್ ಇಲ್ಲದವಳಿಗೆ ಈ ರಕ್ಷಣೆ ಇದೆ. ಸಾವಿರದ ಮೇಲೆ ಹಣ ಕೊಟ್ಟು ಸ್ಲೀಪರ್ ಬಸ್ಸಿನಲ್ಲಿ ಮಲಗಿದವಳಿಗೆ ಇಲ್ಲ.

ಹಾಗಾಗಿ ನನ್ನ ಓಟು ರೈಲಿಗೆ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ದಾಟಿ, ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ ಹಾಯ್ದು ಬೆಳಗಿನ ಹೊತ್ತಿಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ನಿಲ್ದಾಣದಿಂದಲೂ ಊರಿಗೆ ಸುಮಾರು ಹತ್ತು ಕಿ.ಮೀ. ಇದೆ, ನಿಜ. ಆದರೆ ಇಳಿಯುವಾಗ ಬೆಳಕಿರುತ್ತದೆ, ನಿಮ್ಮ ಜೊತೆ ಇನ್ನೂ ಹತ್ತಾರು ಜನ ಇಳಿಯುತ್ತಾರೆ, ಆಟೊ ಹಂಚಿಕೊಳ್ಳಬಹುದು. ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಒಂಟಿಯಾಗಿಯೋ ಹೆಂಗಸರೇ ಗುಂಪಾಗಿಯೋ ಹೋಗುವವರಿಗೆ ಆರು ಬರ್ತ್‌ಗಳ ಮಹಿಳಾ ಕೋಟಾ ಇದೆ. ಬುಕ್ ಮಾಡುವಾಗ ‘ಲೇಡೀಸ್’ ಅನ್ನುವ ಆಯ್ಕೆ ಒತ್ತಬೇಕು, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ರೈಲಿನೊಳಗೆ ಯಾರಾದರೂ ಕಾಟ ಕೊಟ್ಟರೆ 139ಕ್ಕೆ ಫೋನ್ ಮಾಡಿದರೆ ಮುಂದಿನ ನಿಲ್ದಾಣದಲ್ಲಿ ಪೊಲೀಸರು ಬರುವ ವ್ಯವಸ್ಥೆ ಇದೆ. ಕಾಯ್ದೆಯ ಸೆಕ್ಷನ್ನಿಗೂ ಸಹಾಯವಾಣಿಗೂ ಒಂದೇ ಸಂಖ್ಯೆ ಬಂದಿರುವುದು ಆಕಸ್ಮಿಕ, ನೆನಪಿಡಲು ಅನುಕೂಲ. ಮಲ್ಲತ್ತಹಳ್ಳಿಯವರಿಗೆ ರೈಲು ಇನ್ನೂ ಸಲೀಸು. ಜ್ಞಾನಭಾರತಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಬುಡದಲ್ಲೇ ಇಳಿಯಬಹುದು.

ಸ್ಲೀಪರ್ ಬಸ್ಸೇ ಗತಿ ಅನ್ನುವವರಿಗೆ ಒಂದು ಮಾತು ಹೇಳಲೇಬೇಕು. 2025ರ ಡಿಸೆಂಬರ್ 25ರ ನಸುಕಿನಲ್ಲಿ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸಿಗೆ ಹಿರಿಯೂರು ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿ ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ರಜೆಗೆಂದು ಹೊರಟಿದ್ದ ಯುವತಿಯರೂ ಸತ್ತವರಲ್ಲಿದ್ದರು. ಹೆಣ್ಣುಮಕ್ಕಳ ಸುರಕ್ಷತೆ ಅಂದ ಕೂಡಲೇ ನಾವು ಕೆಟ್ಟ ಗಂಡಸರನ್ನು ಮಾತ್ರ ನೆನೆಯುತ್ತೇವೆ, ಬಸ್ಸಿನ ತುರ್ತು ಬಾಗಿಲನ್ನು ನೆನೆಯುವುದಿಲ್ಲ. ಹತ್ತಿದ ಕೂಡಲೇ ಆ ಬಾಗಿಲು ಎಲ್ಲಿದೆ, ಅದರ ಮುಂದೆ ಲಗೇಜು ಒಟ್ಟಿದ್ದಾರೋ, ಗಾಜು ಒಡೆಯುವ ಸುತ್ತಿಗೆ ಇದೆಯೋ ಎಂದು ಕಣ್ಣು ಹಾಯಿಸಿ. ಸಾಧ್ಯವಾದರೆ ಕೆಳಗಿನ ಬರ್ತ್ ತೆಗೆದುಕೊಳ್ಳಿ. ಪಕ್ಕದಲ್ಲಿ ಹೆಂಗಸರೇ ಇರುವ ಹಾಗೆ ಸೀಟು ಕೊಡುವ ಸೌಲಭ್ಯ ಬುಕಿಂಗ್ ಆ್ಯಪ್‌ಗಳಲ್ಲಿ ಇದೆ.

ದುಡ್ಡಿಲ್ಲದವರ ದಾರಿ ಬೇರೆ ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದೊಳಗೆ ಉಚಿತವಾಗಿ ಓಡಾಡಬಹುದು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಹೆಚ್ಚಿನವರು ಇದನ್ನು ಧರ್ಮಸ್ಥಳಕ್ಕೆ, ಶೃಂಗೇರಿಗೆ, ತವರಿಗೆ ಬಳಸುತ್ತಾರೆ. ಸಮುದ್ರಕ್ಕೂ ಬಳಸಬಹುದು. ಬೆಳಗಿನ ಮೊದಲ ಬಸ್ಸಿಗೆ ಮೆಜೆಸ್ಟಿಕ್ ಬಿಟ್ಟು ಮಧ್ಯಾಹ್ನಕ್ಕೆ ಶಿವಮೊಗ್ಗ, ಅಲ್ಲಿ ನೆಂಟರೋ ಗೆಳತಿಯೋ ಇದ್ದರೆ ಒಂದು ರಾತ್ರಿ. ಮರುದಿನ ಸಾಗರ, ಜೋಗದ ಮೇಲೆ ಘಟ್ಟ ಇಳಿದು ಹೊನ್ನಾವರ, ಕುಮಟಾ, ಗೋಕರ್ಣ. ಪೂರಾ ಹಗಲ ಪ್ರಯಾಣ. ಇಳಿದಿಳಿದು ಹತ್ತುವುದು ಬಸ್ ನಿಲ್ದಾಣಗಳಲ್ಲೇ ಹೊರತು ಹೆದ್ದಾರಿಯ ಕ್ರಾಸುಗಳಲ್ಲಲ್ಲ. ಪಕ್ಕದ ಸೀಟಿನ ಅಜ್ಜಿ ನಿಮ್ಮ ಜಾತಕ ಪೂರ್ತಿ ವಿಚಾರಿಸುತ್ತಾಳೆ, ಅಷ್ಟು ಸಹಿಸಿಕೊಳ್ಳಿ. ಸೀಟು ಹಿಡಿದಿಡುವವಳೂ, ‘ಹೋಗ್ ಬಾ ಮಗ, ಬ್ಯಾಗ್ ನಾನು ನೋಡ್ಕೋತೀನಿ’ ಅನ್ನುವವಳೂ ಅವಳೇ.

ಕಾಲ ಯಾವುದು ಅನ್ನುವುದೂ ಸುರಕ್ಷತೆಯ ಪ್ರಶ್ನೆಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ದಾರಿ ಬದಿಯ ಹೋಟೆಲ್ಲಿನ ಕುಟುಂಬವೇ ಹೋಯಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಘಟ್ಟದ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು. ಆಗಸ್ಟ್ ಮೊದಲ ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಳೆಗಾಲದ ಕರಾವಳಿ ಚೆಂದ, ಒಪ್ಪುತ್ತೇನೆ. ಆದರೆ ಒಬ್ಬಳೇ ಮೊದಲ ಸಲ ಹೋಗುವವಳಿಗೆ ದಾರಿ ಕಟ್ಟಾದರೆ ಎಲ್ಲಿ ಉಳಿಯುವುದು ಅನ್ನುವುದಕ್ಕೆ ಉತ್ತರ ಇರಬೇಕು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಶಿವರಾತ್ರಿಯ ತೇರಿನ ಹೊತ್ತಿಗೆ ಮತ್ತು ಹೊಸ ವರ್ಷದ ವಾರದಲ್ಲಿ ಕೋಣೆ ಸಿಗುವುದೇ ಕಷ್ಟ. ವಾರಾಂತ್ಯಕ್ಕಿಂತ ಸೋಮವಾರದಿಂದ ಗುರುವಾರ ವಾಸಿ. ಗೋಕರ್ಣದವರನ್ನು ಕೇಳಿ ನೋಡಿ, ಶನಿವಾರ ರಾತ್ರಿಯ ಕುಡಿತ, ಕೂಗಾಟ, ಬಾಟಲಿ ಒಡೆಯುವುದು ಇವೆಲ್ಲ ಊರಿನವರದ್ದಲ್ಲ, ಬೆಂಗಳೂರಿನ ಕಾರುಗಳದ್ದು ಎನ್ನುತ್ತಾರೆ. ಅಂದರೆ ನಾವು ಹೆದರಬೇಕಾದವರು ನಮ್ಮೂರಿನಿಂದಲೇ ನಮ್ಮ ಹಿಂದೆ ಬಂದಿರುತ್ತಾರೆ.

ಗೋಕರ್ಣದ ಭೂಗೋಳ ತಿಳಿದುಕೊಂಡೇ ಹೋಗಬೇಕು. ದೇವಸ್ಥಾನದ ಎದುರಿನ ಊರಿನ ಕಡಲತೀರ, ಆಮೇಲೆ ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂ ಬೀಚು. ಇಲ್ಲಿಯ ತನಕ ರಸ್ತೆ ಇದೆ, ಅಂಗಡಿಗಳಿವೆ, ಜನರಿದ್ದಾರೆ. ಓಂ ದಾಟಿದ ಮೇಲೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಕಾಲುದಾರಿ ಅಥವಾ ದೋಣಿ. ದಾರಿ ಬಂಡೆಗಳ ಮೇಲೆ, ಕುರುಚಲು ಕಾಡಿನೊಳಗೆ ಸಾಗುತ್ತದೆ, ಫೋನಿಗೆ ಸಿಗ್ನಲ್ ಬಂದರೆ ಬಂತು. ಇಲ್ಲಿಗೆ ಹೋಗಬೇಡಿ ಅನ್ನುವುದಿಲ್ಲ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಮೂರರೊಳಗೆ ತಿರುಗಿ. ಮೂರು ನಾಲ್ಕು ಜನರ ಗುಂಪು ಹೋಗುತ್ತಿದ್ದರೆ ಹಿಂದೆ ಸೇರಿಕೊಳ್ಳಿ, ಹಾಸ್ಟೆಲ್ಲಿನಲ್ಲಿ ಉಳಿದರೆ ಅಂಥ ಗುಂಪು ಬೆಳಗಿನ ತಿಂಡಿಯ ಹೊತ್ತಿಗೇ ಸಿಗುತ್ತದೆ. ಸೂರ್ಯಾಸ್ತ ನೋಡಬೇಕಾದರೆ ಊರಿನ ಬೀಚಿನಲ್ಲೋ, ಕೋಣೆ ಅಲ್ಲೇ ಇದ್ದರೆ ಕುಡ್ಲೆಯಲ್ಲೋ ನೋಡಿ. ಕತ್ತಲಾದ ಮೇಲೆ ರೂಮಿಗೆ ಗುಡ್ಡ ದಾಟಬೇಕಾಗುವುದಿಲ್ಲ.

ಇದೇ ಗೋಕರ್ಣದ ರಾಮತೀರ್ಥದ ಗುಡ್ಡದ ಗುಹೆಯೊಂದರಲ್ಲಿ ರಷ್ಯಾದ ಮಹಿಳೆಯೊಬ್ಬರು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ವಾಸವಿದ್ದುದು 2025ರ ಜುಲೈನಲ್ಲಿ ಗಸ್ತಿನ ಪೊಲೀಸರಿಗೆ ಕಂಡಿತು. ದೇಶವಿಡೀ ಸುದ್ದಿಯಾಯಿತು. ಪೊಲೀಸರಿಗಿದ್ದ ಆತಂಕ ಗುಡ್ಡ ಕುಸಿಯುವುದರದ್ದು, ಹಾವಿನದ್ದು. ನಮ್ಮ ಕಡೆ ಆ ಸುದ್ದಿ ಓದಿದವರು ಕೇಳಿದ ಮೊದಲ ಪ್ರಶ್ನೆ, ಗಂಡ ಎಲ್ಲಿ.

ಕೋಣೆಯ ವಿಷಯ. ಯಾತ್ರಾಸ್ಥಳಗಳ ಎಷ್ಟೋ ಛತ್ರ, ಲಾಡ್ಜುಗಳಲ್ಲಿ ಒಂಟಿಯಾಗಿ ಬಂದವರಿಗೆ ಕೋಣೆ ಕೊಡದ ರೂಢಿ ಇದೆ. ಹೆಣ್ಣಾದರೆ ಅನುಮಾನ ದುಪ್ಪಟ್ಟು. ಹೋಗಿ ಬಾಗಿಲಲ್ಲಿ ನಿಂತು ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಮೊದಲೇ ಫೋನ್ ಮಾಡಿ ‘ನಾನು ಒಬ್ಬಳೇ ಬರುತ್ತೇನೆ, ಕೋಣೆ ಕೊಡುತ್ತೀರಾ’ ಎಂದು ನೇರ ಕೇಳಿ. ಆ ಫೋನಿನಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ನಿಲ್ದಾಣದಿಂದ ಆಟೊಕ್ಕೆ ಎಷ್ಟು ಕೊಡಬೇಕು ಎಂದೂ ಕೇಳಿಕೊಳ್ಳಿ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ, ಮನೆಯವರು ಅಲ್ಲೇ ಇರುತ್ತಾರೆಯೇ ಎಂದು ವಿಚಾರಿಸಿ. ಒಳ ಸೇರಿದ ಮೇಲೆ ಚಿಲಕ, ಕಿಟಕಿ, ಬಚ್ಚಲಿನ ವೆಂಟಿಲೇಟರ್ ನೋಡಿ, ಬಾಗಿಲಿನ ಕೆಳಗೆ ತುರುಕುವ ರಬ್ಬರ್ ಬೆಣೆಯೊಂದು ಬ್ಯಾಗಿನಲ್ಲಿರಲಿ. ಕದ್ದು ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ, ಬೆನ್ನು ಹತ್ತಿ ಕಾಡುವುದು 78ನೆಯದರ ಪ್ರಕಾರ ಅಪರಾಧ.

2025ರ ಮಾರ್ಚ್‌ನಲ್ಲಿ ಗಂಗಾವತಿ ಬಳಿಯ ಸಾಣಾಪುರದಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ರಾತ್ರಿ ಕಾಲುವೆಯ ದಂಡೆಯಲ್ಲಿ ಕೂತಿದ್ದ ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಹೆಣ್ಣುಮಗಳ ಮೇಲೆ ಅತ್ಯಾಚಾರವಾಯಿತು. ಜೊತೆಗಿದ್ದ ಮೂವರು ಗಂಡಸರನ್ನು ನೀರಿಗೆ ನೂಕಿದರು, ಒಬ್ಬರು ಸತ್ತರು. ಅಂದಿನಿಂದ ‘ಒಬ್ಬಳೇ ಹೋಗಬೇಡ’ ಅನ್ನುವವರು ಇದನ್ನೇ ಎತ್ತಿ ಹೇಳುತ್ತಾರೆ. ಅವರು ಒಬ್ಬರೇ ಇರಲಿಲ್ಲವಲ್ಲ. ಐದು ಜನ ಇದ್ದರು. ಗಂಡಸರ ಜೊತೆ ಅಲ್ಲಿ ಕಾಪಾಡಲಿಲ್ಲ. ದೀಪವೂ ಜನವೂ ಗಸ್ತೂ ಇಲ್ಲದ ಜಾಗವಾಗಿತ್ತು ಅದು. ಅಪರಾಧ ಮಾಡಿದವರದ್ದೇ ಪೂರಾ ತಪ್ಪು. ಆದರೂ ಜಾಗ ಆರಿಸುವಾಗ ನೋಡಬೇಕಾದ್ದು ಜೊತೆಗೆ ಯಾರು ಅನ್ನುವುದಕ್ಕಿಂತ ಸುತ್ತ ಏನಿದೆ ಅನ್ನುವುದನ್ನು.

ಸಮುದ್ರವನ್ನು ಮರೆತೇಬಿಡುತ್ತೇವೆ, ಅದು ಗಂಡಸರಷ್ಟೇ ಅಪಾಯ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. ಬಯಲುಸೀಮೆಯಲ್ಲಿ ಹುಟ್ಟಿ ಕೆರೆ ನೋಡಿ ಬೆಳೆದ ನಮಗೆ ಕಡಲು ಗೊತ್ತಿಲ್ಲ, ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ವಾಕಿಂಗ್ ಮಾಡಿದ ಅನುಭವ ಅಲ್ಲಿ ನಡೆಯುವುದಿಲ್ಲ. ಮೊಣಕಾಲು ಮುಳುಗುವ ನೀರಿನಲ್ಲೂ ತಿರುಗಿ ಹೋಗುವ ಅಲೆ ಕಾಲ ಕೆಳಗಿನ ಮರಳು ಕೆದರುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹೋರಾಡಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಸೆಳೆತದ ಪಟ್ಟಿ ದಾಟಿದ ಮೇಲೆ ಅಲೆಯೇ ಒಳಗೆ ತರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮುಖ್ಯ ಕಾರಣ ಮೀನಿನ ಸಂತಾನ. ಆದರೂ ಕಡಲಲ್ಲೇ ಹುಟ್ಟಿದವರ ಬೋಟುಗಳು ದಡದಲ್ಲಿ ಕೂತ ಎರಡು ತಿಂಗಳು ನಾವು ನೀರಿಗಿಳಿಯಲು ಹವಣಿಸುವುದು ಯಾವ ಧೈರ್ಯ?

ಮೊದಲ ಸಲ ಹೋಗುವವರಿಗೆ ಗೋಕರ್ಣಕ್ಕಿಂತ ಹೊನ್ನಾವರದ ಕಾಸರಕೋಡು ಅಥವಾ ಉಡುಪಿ ಜಿಲ್ಲೆಯ ಪಡುಬಿದ್ರಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಆ ಮಾನ್ಯತೆ ಬೇಕಾದರೆ ಜೀವರಕ್ಷಕರು, ಈಜಲು ಗುರುತಿಸಿದ ಜಾಗ, ಶೌಚಾಲಯ ಇರಬೇಕು, ಬಟ್ಟೆ ಬದಲಿಸುವ ಕೋಣೆಯೂ ಸಾಮಾನ್ಯವಾಗಿ ಇರುತ್ತದೆ. ಒಬ್ಬಳೇ ಹೋದಾಗ ಒದ್ದೆ ಬಟ್ಟೆಯಲ್ಲಿ ರೂಮಿನ ತನಕ ನಡೆಯಬೇಕಿಲ್ಲ ಅನ್ನುವುದು ಎಷ್ಟು ದೊಡ್ಡ ನೆಮ್ಮದಿ ಎಂದು ಹೆಂಗಸರಿಗೆ ಹೇಳಬೇಕಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಕಾಟ ಇದೆ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆದರು. 2023ರ ಜೂನ್‌ನಲ್ಲಿ ಸೋಮೇಶ್ವರ ಬೀಚಿನಲ್ಲಿ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಸಂಸ್ಕೃತಿ ಕಾಯಲು ಬಂದವರು ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ್ದು ಪಡೀಲಿನ ವಿಡಿಯೊಗಳಲ್ಲಿ ರಾಜ್ಯವೇ ನೋಡಿದೆ. ಯಾರಾದರೂ ಹೆಸರು, ಧರ್ಮ, ಜೊತೆಗಿರುವವರು ಯಾರು ಎಂದು ವಿಚಾರಣೆ ಶುರು ಮಾಡಿದರೆ ವಾದಕ್ಕೆ ನಿಲ್ಲಬೇಡಿ, ಉತ್ತರವನ್ನೂ ಕೊಡಬೇಡಿ. ಹತ್ತಿರದ ಅಂಗಡಿಯೊಳಗೆ ಹೋಗಿ 112ಕ್ಕೆ ಕರೆ ಮಾಡಿ. ನಿಜವಾದ ಪೊಲೀಸರೇ ಬಂದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭ ಬಂದರೆ ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕಾನೂನು ಇಲ್ಲೂ ಬೆಳಕನ್ನೇ ನೋಡುತ್ತದೆ. ಅಲ್ಲಿ ದೂರು ಕೊಡಲು ಧೈರ್ಯ ಸಾಲದಿದ್ದರೆ ಊರಿಗೆ ಬಂದು ನಮ್ಮ ಜ್ಞಾನಭಾರತಿ ಠಾಣೆಯಲ್ಲೇ ಕೊಡಬಹುದು. ಎಲ್ಲಿ ನಡೆದದ್ದಾದರೂ ಎಫ್‌ಐಆರ್ ದಾಖಲಿಸಿಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಅದೇ ಸಂಹಿತೆ ಹೇಳುತ್ತದೆ.

ಪ್ರಯಾಣದ ಸಂದುಗಳ ತೊಂದರೆ ನಮ್ಮ ಕರಾವಳಿಯದ್ದು ಮಾತ್ರ ಅಲ್ಲ. ಮೊರಾಕ್ಕೊದ ಅಟ್ಲಾಂಟಿಕ್ ತೀರದಲ್ಲಿ ಎಸ್ಸಾವೀರಾ ಎಂಬ ಕೋಟೆಯ ಊರಿದೆ, 2001ರಿಂದ ಯುನೆಸ್ಕೊ ಪಟ್ಟಿಯಲ್ಲಿರುವುದು. ಮರ‍್ರಾಕೆಶ್‌ನಿಂದ ಬಸ್ಸಿನಲ್ಲಿ ಮೂರು ತಾಸಿನ ಹಾದಿ. ಕೋಟೆಯೊಳಗೆ ವಾಹನ ಬರುವುದಿಲ್ಲ. ಬಸ್ಸು ಗೋಡೆಯ ಹೊರಗೇ ಬಿಡುತ್ತದೆ, ಲಗೇಜು ತಳ್ಳುಗಾಡಿಯ ಮೇಲೆ, ನೀವು ಕಾಲ್ನಡಿಗೆಯಲ್ಲಿ. ಗಲ್ಲಿಗಳಲ್ಲಿ ‘ದಾರಿ ತೋರಿಸುತ್ತೇನೆ’ ಎಂದು ಹಿಂದೆ ಬೀಳುವವರಿರುತ್ತಾರೆ. ಅಲ್ಲಿಗೆ ಒಬ್ಬರೇ ಹೋಗುವ ಹೆಂಗಸರಿಗೂ ತಲೆನೋವಿನ ಜಾಗ ಕಡಲತೀರ ಅಲ್ಲ, ಆ ಕೊನೆಯ ಕಾಲು ತಾಸಿನ ನಡಿಗೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನಿಂದ ಆ ದೇಶ ಬೀದಿಯ ಕಿರುಕುಳವನ್ನೂ ಫೋನಿನ ಸಂದೇಶದ ಕಿರುಕುಳವನ್ನೂ ಶಿಕ್ಷಾರ್ಹ ಅಪರಾಧ ಮಾಡಿತು. ಕಾನೂನು ಬಂತು, ಗಲ್ಲಿ ಅಲ್ಲೇ ಇದೆ. ಹಗಲಿನ ಬಸ್ಸು ಹಿಡಿದವಳು ಅಲ್ಲೂ ಗೆದ್ದಳು.

ಇಷ್ಟೆಲ್ಲ ಬರೆಯುವಾಗ ತದಡಿಯ, ಹೊನ್ನಾವರದ ಬಂದರುಗಳಿಗೆ ಬುಟ್ಟಿ ಹಿಡಿದು ಹೋಗುವ ಮೀನುಗಾರ ಹೆಂಗಸರು, ತರಕಾರಿ ಹೊತ್ತು ಗೋಕರ್ಣದ ಪೇಟೆಗೆ ಬರುವ ಹಾಲಕ್ಕಿ ಹೆಂಗಸರು ಕಣ್ಣ ಮುಂದೆ ಬರುತ್ತಾರೆ. ಕತ್ತಲಿರುವಾಗಲೇ ಮನೆ ಬಿಟ್ಟು, ಟೆಂಪೊ ಹತ್ತಿ, ಒಬ್ಬೊಬ್ಬರೇ ಓಡಾಡುವವರು. ಅವರ ಸುರಕ್ಷತೆಯ ಬಗ್ಗೆ ಯಾವ ಪುರವಣಿಯೂ ಲೇಖನ ಬರೆಸಿಲ್ಲ. ಮಾದನಗೇರಿ ಕ್ರಾಸಿಗೆ ಒಂದು ದೀಪ, ಒಂದು ಶೆಲ್ಟರ್, ಒಬ್ಬ ಹೋಮ್‌ಗಾರ್ಡ್ ಬಂದರೆ ಮೊದಲು ಅನುಕೂಲವಾಗುವುದು ಅಂಥವರಿಗೆ. ಬೆಂಗಳೂರಿನ ಹುಡುಗಿಗೆ ಆಮೇಲೆ.

ಹೊರಡುವ ಹುಡುಗಿಗೆ ಕೊನೆಯದಾಗಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಸಮುದ್ರದ ಅವಘಡಕ್ಕೆ ಕರಾವಳಿ ರಕ್ಷಣಾ ಪಡೆಯ 1554. ಫೋನಿನ ಲೊಕೇಶನ್ ಒಬ್ಬರಿಗೆ ಮಾತ್ರ ಹಂಚಿ. ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ದೊಡ್ಡಪ್ಪನಿಂದ ಹಿಡಿದು ಎಲ್ಲರೂ ಫೋನ್ ಮಾಡಿ ಬ್ಯಾಟರಿ ಮುಗಿಸುತ್ತಾರೆ. ಬೀಚಿನ ಫೋಟೊ ಊರು ಬಿಟ್ಟ ಮೇಲೆ ಹಾಕಿ.

ಸಾರಿಗೆ ಇಲಾಖೆಗೆ ಒಂದು ಮನವಿ. ರೈಲ್ವೆ 1989ರಲ್ಲೇ ಟಿಕೆಟ್ ಇಲ್ಲದ ಹೆಂಗಸಿಗೆ ಕೊಟ್ಟ ರಕ್ಷಣೆಯನ್ನು ರಾತ್ರಿ ಬಸ್ಸುಗಳ ಪರವಾನಗಿಯ ಷರತ್ತಿನಲ್ಲಿ ಸೇರಿಸಿ. ಒಬ್ಬಳೇ ಇರುವ ಪ್ರಯಾಣಿಕಳನ್ನು ಕತ್ತಲಲ್ಲಿ ಹೆದ್ದಾರಿಯ ಕ್ರಾಸಿನಲ್ಲಿ ಇಳಿಸಬಾರದು, ದೀಪವಿರುವ ಬಸ್ ನಿಲ್ದಾಣದ ತನಕ ಒಯ್ಯಬೇಕು. ಹೋಗಿ ಬರಲು ಇಪ್ಪತ್ತು ಕಿ.ಮೀ. ಡೀಸೆಲ್ ಹೆಚ್ಚು ಬೇಕಾಗಬಹುದು. ಟಿಕೆಟ್ಟಿನ ಮೇಲೆ ಹಾಕಲಿ, ಕೊಡುತ್ತೇವೆ.